ಹಿತ್ತಿಲಿಂದ ಕರೆದ ಮೂರು ಹೆಸರು

ಮಿಲ್ಡುರಾ, ಆಸ್ಟ್ರೇಲಿಯಾ
೨ ಫೆಬ್ರವರಿ ೧೯೯೭

ಕಲೋಲೈನೆ ಅಕ್ಕನವರಿಗೆ, ನಿಮ್ಮ ತಮ್ಮ ಲಿಸಿಯಾತೆಯ ಹೆಂಡತಿ ಅಕೊಸಿತಾಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಎವುವಾ ದ್ವೀಪದಲ್ಲಿ ನೀವೂ ಪುಟ್ಟ ತವಾಕೆಯೂ ಕ್ಷೇಮವೆಂದು ನಂಬಿದ್ದೇನೆ.

ಒಂದು ಸುದ್ದಿ ತಿಳಿಸಬೇಕು. ಜೂನ್ ನಡುವಿನ ಹೊತ್ತಿಗೆ ನಮಗೆ ಮೂರನೆಯ ಮಗು ಆಗಲಿದೆ. ಇಂಥ ವಿಷಯವನ್ನು ತಮ್ಮನಾದವನು ಅಕ್ಕನ ಮುಂದೆ ಎತ್ತುವಂತಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಮೊದಲ ಎರಡು ಸಲ ಅತ್ತೆಯವರು ನಿಮಗೆ ಹೇಳಿ ಕಳಿಸಿದ್ದರು. ಈಗ ಅವರಿಲ್ಲ. ನಿಮಗೆ ನಾನೇ ಕೂತು ಬರೆಯುತ್ತಿರುವ ಮೊದಲ ಕಾಗದ ಇದು. ತಪ್ಪು ಕಂಡರೆ ಸಿಡ್ನಿಯಲ್ಲಿ ಬೆಳೆದವಳೆಂದು ಕ್ಷಮಿಸಬೇಕು.

ಹೆಸರು ನಿಮ್ಮಿಂದ ಬರಬೇಕು. ಸೋದರತ್ತೆ ಇಡದ ಹೆಸರು ಹೆಸರೇ ಅಲ್ಲ ಎಂದು ನಿಮ್ಮ ತಮ್ಮ ಹೇಳಿದರು. ನೀವು ಸಿಯಾಲೆ ಎಂದಿರಿ, ದೊಡ್ಡವಳು ಸಿಯಾಲೆ ಆದಳು. ಹೇಲಾಲಾ ಎಂದಿರಿ, ಎರಡನೆಯವಳು ಹೇಲಾಲಾ. ಎರಡೂ ಹೂವು, ಎರಡೂ ಹಾರಕ್ಕೆ ಬರುವಂಥವು. ಇಲ್ಲಿನವರು ಕೂಡ ಕೇಳಿ ಚೆನ್ನಾಗಿದೆ ಎನ್ನುತ್ತಾರೆ.

ತಾಯಿ-ಮಕ್ಕಳ ಕ್ಲಿನಿಕ್ಕಿನಲ್ಲಿ ಗ್ಲೆನಿಸ್ ಎಂಬ ನರ್ಸ್ ಇದ್ದಾಳೆ. ಅವಳ ಮೇಜಿನ ಮೇಲೆ ಹೆಸರುಗಳ ಪುಸ್ತಕವಿದೆ. ಅಕ್ಕ ಅಣ್ಣಂದಿರ ಹೆಸರಿಗೆ ಯಾವ ಹೆಸರು ಹೊಂದುತ್ತದೆ ಎಂದು ಅದರಲ್ಲಿ ಪಟ್ಟಿ ಮಾಡಿದ್ದಾರೆ. ನಮ್ಮ ಹೆಸರು ಯಾವುದೂ ಅದರಲ್ಲಿ ಇಲ್ಲ. ಗ್ಲೆನಿಸ್ ಪುಸ್ತಕ ಮುಚ್ಚಿ, "ಇದು ಬಿಡು. ಸಿಯಾಲೆ, ಹೇಲಾಲಾ, ಆಮೇಲೆ ಟ್ರೇಸಿ ಅಂದ್ರೆ ಕೂರಲ್ಲ ಕಣಮ್ಮ. ನಾನು ಒಂದು ಉಪಾಯ ಹೇಳ್ತೀನಿ. ಹಿತ್ತಿಲ ಬಾಗಿಲಲ್ಲಿ ನಿಂತ್ಕೊಂಡು ಮೂರು ಹೆಸರನ್ನೂ ಒಂದೇ ಉಸಿರಿಗೆ ಕೂಗಿ ನೋಡು, ಊಟಕ್ಕೆ ಕರೆದ ಹಾಗೆ. ಹೊಂದತ್ತೋ ಇಲ್ವೋ ಗಂಟಲಿಗೆ ಗೊತ್ತಾಗತ್ತೆ" ಎಂದಳು. ನಾನು ನಕ್ಕೆ. ಮನೆಗೆ ಬಂದು ಎರಡು ಹೆಸರು ಕೂಗಿ ಮೂರನೆಯದಕ್ಕೆ ಜಾಗ ಬಿಟ್ಟೆ.

ಇದನ್ನು ತಮಾಷೆಗೆ ಬರೆದೆ. ನಿಮ್ಮ ಮನಸ್ಸಿನಲ್ಲಿ ಏನಿದೆಯೋ ಹಾಗೇ ಆಗಲಿ. ಮನೆ ಎರಡು ಕೋಣೆಯದು. ದ್ರಾಕ್ಷಿ ಕೊಯ್ಲಿನ ಕಾಲವಾದ್ದರಿಂದ ನಾನೂ ದಿನವೂ ಪ್ಯಾಕಿಂಗ್ ಶೆಡ್ಡಿಗೆ ಹೋಗುತ್ತೇನೆ. ಇಬ್ಬರನ್ನು ನೋಡಿಕೊಳ್ಳುವುದೇ ಸಾಕುಸಾಕಾಗುತ್ತದೆ. ಈ ಮಗು ನಮ್ಮದು ಎನ್ನುವುದಕ್ಕಿಂತ ನಿಮ್ಮದು.

ವಿಧೇಯಳಾದ
ಅಕೊಸಿತಾ


ಓಹೊನುವಾ, ಎವುವಾ ದ್ವೀಪ, ಟೋಂಗಾ
೨೩ ಫೆಬ್ರವರಿ ೧೯೯೭

ಅಕೊಸಿತಾಗೆ ಆಶೀರ್ವಾದ.

ನಿನ್ನ ಕಾಗದ ಬರಲು ಹದಿನೇಳು ದಿನ ಹಿಡಿಯಿತು. ಅದರಲ್ಲಿ ನಾಲ್ಕು ದಿನ ನಮ್ಮ ದೋಣಿಯ ಎಂಜಿನ್ನಿನದು.

ಎರಡು ಸಲ ಓದಿದೆ. ಮೊದಲ ಸಲ ಸುದ್ದಿಗೆ, ಎರಡನೆಯ ಸಲ ಕೊನೆಯ ಸಾಲುಗಳಿಗೆ. ನಿನ್ನನ್ನು ನಾನು ಸರಿಯಾಗಿ ತಿಳಿದಿರಲಿಲ್ಲ. ಸಿಡ್ನಿಯಲ್ಲಿ ಬೆಳೆದವಳಿಗೆ ಇಷ್ಟು ಗೊತ್ತಿರುತ್ತದೆ, ಗೊತ್ತಿದ್ದರೂ ಇಷ್ಟು ಸುಲಭವಾಗಿ ಬರೆಯುತ್ತಾಳೆ ಎಂದು ಅಂದುಕೊಂಡಿರಲಿಲ್ಲ. ನನ್ನ ಅಮ್ಮ ಇದ್ದಿದ್ದರೆ ಅವಳಿಗೆ ಓದಿ ಹೇಳುತ್ತಿದ್ದೆ.

ನನ್ನ ಮಗಳು ಲುಪೆಗೆ ನುಕುಅಲೋಫಾದ ಶಾಲೆಯಲ್ಲಿ ಕೆಲಸವಾಗಿದೆ. ಜನವರಿಯಲ್ಲಿ ಹೋದಳು. ತವಾಕೆ ಒಬ್ಬಳೇ ಕೋಳಿಗಳ ಜೊತೆ ಮಾತಾಡಿಕೊಂಡಿರುತ್ತಾಳೆ. ಏಳು ವರ್ಷವಾಯಿತು ಅವಳಿಗೆ.

ಅವಳನ್ನು ಕೇಳಿದ್ದು ಹೇಗೆಂದು ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ನನ್ನ ಇನ್ನೊಬ್ಬ ತಮ್ಮ, ನುಕುಅಲೋಫಾದ ಮಾಕಾನಿಗೆ ಎರಡು ಹೆಣ್ಣಾಗಿದ್ದವು. ಅವನು ಮೀನುಗಾರ, ಅವಕ್ಕೆ ಗಾಳಿಗಳ ಹೆಸರು ಇಟ್ಟೆ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಹಕ್ಕಿಯ ಹೆಸರು ಕಳಿಸಿದೆ. ನನ್ನ ಮನೆಯಲ್ಲಿ ಲುಪೆ ಇದ್ದಳಲ್ಲ, ಕಾಡುಪಾರಿವಾಳ. ಅವಳ ತಂಗಿ ತವಾಕೆ, ಕಡಲ ಹಕ್ಕಿ. ಮಾಕಾನಿಗೆ ಅರ್ಥವಾಯಿತು. ಹಾಲು ಬಿಡಿಸಿದ ಮೇಲೆ ತಾನೇ ದೋಣಿಯಲ್ಲಿ ಕರೆತಂದು ಬಿಟ್ಟುಹೋದ. ನಾನು ಬಾಯಿಬಿಟ್ಟು ಕೇಳಬೇಕಾಗಲೇ ಇಲ್ಲ. ಯಾವ ಮನೆಯಲ್ಲಿ ಬೆಳೆಯುತ್ತದೋ ಆ ಮನೆಯ ಹೆಸರು ಮಗುವಿಗೆ. ಅಕ್ಕ ಬಯಸಿದ್ದಕ್ಕೆ ತಮ್ಮ ಇಲ್ಲ ಎನ್ನುವುದು ನಮ್ಮಲ್ಲಿ ಇಲ್ಲ. ನೀನು ನಾನು ಬಯಸುವ ಮೊದಲೇ ಬರೆದೆ.

ಕೇದಗೆ ಎಲೆ ಕುದಿಸಿ, ಕಡಲಲ್ಲಿ ನೆನೆಸಿ, ಒಣಹಾಕಿದ್ದು ಮೂರು ಸುರುಳಿ ಇತ್ತು. ನಿನ್ನ ಕಾಗದ ಬಂದ ಮರುದಿನವೇ ಚಾಪೆ ಹಿಡಿದೆ. ನೇಯುವ ಮನೆಯಲ್ಲಿ ಹೆಂಗಸರು ಸುಮ್ಮನಿರುತ್ತಾರೆಯೇ?

"ಯಾರಿಗೇ ಇದು? ತವಾಕೆಗೆ ಇಷ್ಟಗಲ ಬೇಕೇನೇ?"

"ಹುಡುಗಿ ಬೆಳೀತಾಳೆ" ಎಂದೆ.

"ಅಡ್ಡಡ್ಡ ಬೆಳೀತಾಳಾ?"

ಎಲ್ಲರೂ ನಕ್ಕರು. ನಾನು ಹೇಳಲಿಲ್ಲ. ಹೆಸರನ್ನು ಆಮೇಲೆ ಕಳಿಸುತ್ತೇನೆ. ಅವಸರವಿಲ್ಲ. ಆ ನರ್ಸಿಗೆ ತನ್ನ ಮಕ್ಕಳನ್ನು ಕೂಗಿಕೊಳ್ಳಲು ಹೇಳು.

ಭಾರ ಎತ್ತಬೇಡ. ತಣ್ಣೀರು ಕುಡಿಯಬೇಡ.

ಕಲೋಲೈನೆ


ಮಿಲ್ಡುರಾ
೧೬ ಮಾರ್ಚ್ ೧೯೯೭

ಕಲೋಲೈನೆ ಅಕ್ಕನವರಿಗೆ,

ನಿಮ್ಮ ಕಾಗದ ಬಂತು. ನನ್ನನ್ನು ಹೊಗಳಿ ಬರೆದಿದ್ದೀರಿ. ಯಾವುದಕ್ಕೆ ಎಂದು ತಿಳಿಯಲು ಎರಡನೆಯ ಸಲ ಓದಬೇಕಾಯಿತು.

ನಿಮ್ಮ ತಮ್ಮನಿಗೆ ಕೊಟ್ಟೆ. "ಹೆಸರು ಬಂದಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ. ಬಸಿರಿನ ವಿಷಯ ಇರುವ ಕಾಗದವಾದ್ದರಿಂದ ಓದದೆ ವಾಪಸು ಕೊಟ್ಟರು.

ಇಲ್ಲಿ ದ್ರಾಕ್ಷಿ ಮುಗಿಯುತ್ತ ಬಂದಿದೆ. ಒಣದ್ರಾಕ್ಷಿಯ ತಂತಿ ಚೌಕಟ್ಟುಗಳು ಖಾಲಿಯಾಗುತ್ತಿವೆ. ತೋಟದವನು ಮುರಿದ ಹಣ್ಣಿನ ಪೆಟ್ಟಿಗೆಗಳನ್ನು ಕೊಟ್ಟ. ನಿಮ್ಮ ತಮ್ಮ ಅವುಗಳ ಹಲಗೆಯಿಂದ ಮೂರನೆಯ ಮಂಚ ಮಾಡಿದ್ದಾರೆ. ಮಕ್ಕಳ ಕೋಣೆಯಲ್ಲಿ ಮೂರೂ ಸಾಲಾಗಿ ಹಿಡಿಯುತ್ತವೆ, ಬಾಗಿಲು ಮಾತ್ರ ಪೂರ್ತಿ ತೆರೆಯುವುದಿಲ್ಲ. ನಾನು ಕಳೆದ ಸಲ ಮನೆ ಚಿಕ್ಕದು ಎಂದು ಬರೆದಿದ್ದೆ. ಅಳತೆ ಹಾಕಿ ನೋಡಿದರೆ ಅಷ್ಟೇನೂ ಚಿಕ್ಕದಲ್ಲ.

ಕೇಳಿದಿರೆಂದಲ್ಲ, ಆದರೂ ಬರೆಯುತ್ತೇನೆ. ಲಂಗಾಕಾಲಿ ಎಂಬ ಹೂವನ್ನು ನಾನು ನೋಡಿಲ್ಲ, ವಾಸನೆ ತುಂಬ ದೂರ ಹೋಗುತ್ತದೆ ಎಂದು ಕೇಳಿದ್ದೇನೆ. ಮೊಹೊಕೊಯಿಯೂ ಒಳ್ಳೆಯ ಹೂವು. ಗಂಡಾದರೆ ಯಾವುದಾದರೂ ಮರ. ಸಿಯಾಲೆ ದಿನವೂ "ನಮ್ಮ ಹೂವು ಯಾವತ್ತು ಬರತ್ತೆ?" ಎಂದು ಕೇಳುತ್ತಾಳೆ. ಹೇಲಾಲಾಗೆ ನಾಲ್ಕೇ ವರ್ಷ, ಅವಳು ಹೂಕುಂಡ ಒಂದನ್ನು ತಂದು ಮಂಚದ ಕೆಳಗೆ ಇಟ್ಟಿದ್ದಾಳೆ.

ಮಾಕಾನ ಹೆಂಡತಿ ಸೇಲು ನನಗೆ ಬರೆದಿದ್ದಳು. ನಿಮಗೆ ನೇರ ಬರೆಯಲು ಅವಳಿಗೆ ಸಂಕೋಚ. ತವಾಕೆಯ ಕೂದಲು ಎಷ್ಟು ಉದ್ದವಾಗಿದೆ ಎಂದು ನಿಮ್ಮನ್ನು ಕೇಳಿ ತಿಳಿಸಲು ಹೇಳಿದ್ದಾಳೆ.

ವಿಧೇಯಳಾದ
ಅಕೊಸಿತಾ


ಓಹೊನುವಾ
೧೧ ಮೇ ೧೯೯೭

ಅಕೊಸಿತಾಗೆ,

ತಡವಾಯಿತು. ಚಾಪೆ ಮುಗಿಯದೆ ಬರೆಯಬಾರದೆಂದು ಕೂತಿದ್ದೆ. ನಿನ್ನೆ ಅಂಚು ಮಡಚಿದೆ.

ಮಗುವಿನ ಹೆಸರು ಕೋಕಿ. ಹೆಣ್ಣಾದರೂ ಗಂಡಾದರೂ ಅದೇ. ಕೋಕಿ ಯಾವುದೆಂದು ನಿನಗೆ ಗೊತ್ತಿರಲಾರದು: ಕೆಂಪು ಗಿಳಿ, ರೆಕ್ಕೆ ಹಸಿರು, ನಮ್ಮ ಎವುವಾದ ಕಾಡಿನಲ್ಲಿ ಮಾತ್ರ ಇರುತ್ತದೆ. ಬೆಳಿಗ್ಗೆ ನಮ್ಮ ಪರಂಗಿ ಗಿಡಕ್ಕೆ ಎರಡು ಬರುತ್ತವೆ. ಅರ್ಧ ತಿಂದು ಅರ್ಧ ಬೀಳಿಸುತ್ತವೆ, ಹಂದಿಗಳಿಗೆ ಹಬ್ಬ.

ತವಾಕೆಗೆ ಹೇಳಿದ್ದೇನೆ.

"ನನ್ನ ತಂಗಿಗೆ ಈಜಕ್ಕೆ ಬರತ್ತಾ?" ಎಂದಳು.

"ಇನ್ನೂ ಹುಟ್ಟೇ ಇಲ್ವಲ್ಲೇ."

"ಹುಟ್ಟಿದ ಮೇಲೆ ನಾನೇ ಕಲಿಸ್ತೀನಿ. ನೀನು ಕಲಿಸಬೇಡ ಅತ್ತೆ, ನೀನು ಬೈತೀಯ."

ಚಾಪೆ ಇಬ್ಬರು ಮಲಗುವಷ್ಟಿದೆ. ಹಾಲು ಬಿಡಿಸುವವರೆಗೆ ನಿನ್ನ ಹತ್ತಿರವೇ ಇರಲಿ, ಅದು ತಾಯಿಯ ಪಾಲು. ಆಮೇಲೆ ಲುಪೆ ಬಂದು ಕರೆದುಕೊಂಡು ಬರುತ್ತಾಳೆ. ನೀನು ಕೆಲಸ ಬಿಟ್ಟು ಬರುವುದು ಬೇಡ.

ಸೇಲುವಿಗೆ ಹೇಳು: ಕೂದಲು ಸೊಂಟಕ್ಕೆ ಬರುತ್ತದೆ. ಎಣ್ಣೆ ನಾನೇ ಹಚ್ಚುತ್ತೇನೆ.

ಕಲೋಲೈನೆ


ಮಿಲ್ಡುರಾ
೨೩ ಜೂನ್ ೧೯೯೭

ಕಲೋಲೈನೆ ಅಕ್ಕನವರಿಗೆ,

ಮಂಗಳವಾರ, ಹದಿನೇಳನೆಯ ತಾರೀಖು ಹೆಣ್ಣು ಮಗು ಹುಟ್ಟಿತು. ತೂಕ ಮೂರು ಕಿಲೋ ಎಂಟುನೂರು ಗ್ರಾಂ. ಕೂದಲು ತುಂಬ ಇದೆ. ಹಣೆ ನಿಮ್ಮ ತಮ್ಮನದು. ಇಬ್ಬರೂ ಆರೋಗ್ಯವಾಗಿದ್ದೇವೆ.

ನೀವು ಕಳಿಸಿದ ಹೆಸರು ತಲುಪಿತು.

ಆಸ್ಪತ್ರೆಯಲ್ಲಿ ಜನನ ನೋಂದಣಿಯ ಫಾರಂ ಕೊಟ್ಟಿದ್ದಾರೆ. ಅರವತ್ತು ದಿನದೊಳಗೆ ಹೆಸರು ಬರೆದು ಕೊಡಬೇಕು. ಆಗಸ್ಟ್ ಹದಿನಾರು ಶನಿವಾರ, ಆಫೀಸು ಇರುವುದಿಲ್ಲ. ಹದಿನೈದನೆಯ ತಾರೀಖು ಕೊನೆ ಎಂದು ಗ್ಲೆನಿಸ್ ಹೇಳಿದಳು. ಫಾರಂನಲ್ಲಿ ಉಳಿದ ಎಲ್ಲವನ್ನೂ ತುಂಬಿದ್ದೇನೆ. ಈ ತಾಯಿಯ ಹಿಂದಿನ ಮಕ್ಕಳು ಎಂಬ ಕಡೆ ಸಿಯಾಲೆ, ಹೇಲಾಲಾ ಎಂದು ಬರೆದಿದ್ದೇನೆ. ಹೆಸರಿನ ಜಾಗ ಅದಕ್ಕಿಂತ ಮೇಲಿದೆ.

ನಿನ್ನೆ ಹಿತ್ತಿಲ ಬಾಗಿಲಲ್ಲಿ ನಿಂತು ಕರೆದು ನೋಡಿದೆ. ಸಿಯಾಲೆ, ಹೇಲಾಲಾ, ಕೋಕಿ. ಇಬ್ಬರೂ ದ್ರಾಕ್ಷಿ ಸಾಲಿನೊಳಗಿಂದ ಓಡಿ ಬಂದರು.

"ಕೋಕಿ ಯಾರಮ್ಮ?" ಎಂದು ಸಿಯಾಲೆ ಕೇಳಿದಳು.

"ಪಾಪು."

"ಅವಳು ಹೂವಲ್ವಾ?"

"ಅವಳು ಹಕ್ಕಿ."

"ಹಾಗಾದ್ರೆ ಹಾರಿ ಹೋಗ್ತಾಳೆ" ಎಂದಳು ಹೇಲಾಲಾ. ಮಕ್ಕಳ ಮಾತು. ಆ ಹೂಕುಂಡವನ್ನು ಅವಳೇ ತೆಗೆದುಕೊಂಡು ಹೋಗಿ ಹೊರಗಿಟ್ಟಳು.

ನಿಮ್ಮ ತಮ್ಮನಿಗೆ ಹೆಸರು ಹೇಳಿದೆ. "ಅಕ್ಕ ಕೊಟ್ಟ ಹೆಸರು ಬರಿ" ಎಂದರು. ಪೆನ್ನು ಕೊಟ್ಟೆ. "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ" ಎಂದು ಬಳ್ಳಿ ಕತ್ತರಿಸಲು ಹೊರಟುಹೋದರು. ಸಂಜೆ ಬಂದು ಫಾರಂ ನೋಡಿದರು. ಎಷ್ಟು ದಿನ ಉಳಿದಿದೆ ಎಂದು ಕೇಳಿದರು. ಐವತ್ತಮೂರು ಎಂದೆ. ಫಾರಂ ಬೈಬಲ್ಲಿನೊಳಗೆ ಇಟ್ಟರು.

ಸದ್ಯಕ್ಕೆ ಎಲ್ಲರೂ ಪಾಪು ಎನ್ನುತ್ತಿದ್ದೇವೆ.

ವಿಧೇಯಳಾದ
ಅಕೊಸಿತಾ


ಓಹೊನುವಾ
೭ ಜುಲೈ ೧೯೯೭

ಅಕೊಸಿತಾಗೆ,

ಮಗು ಸುಖವಾಗಿ ಹುಟ್ಟಿದ್ದಕ್ಕೆ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿದೆ. ಪಾದ್ರಿ ಹೆಸರು ಕೇಳಿದರು. ಕೋಕಿ ಎಂದೆ. ಇಡೀ ಊರಿನೆದುರು ಹೇಳಿ ಆಗಿದೆ.

ನೀನು ಮಾತ್ರ ಬರೆದಿಲ್ಲ.

ಹೆಸರು ಕೊಟ್ಟ ಮೇಲೆ ಅದನ್ನು ಹಿತ್ತಿಲಲ್ಲಿ ನಿಂತು ಪರೀಕ್ಷೆ ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ನಿನಗೆ ಮನಸ್ಸಿಲ್ಲದಿದ್ದರೆ ಮೊದಲೇ ಗೊತ್ತಾಗಬೇಕಿತ್ತು. ಆದರೆ ನೀನೇ ಬರೆದಿದ್ದೆ. ಕಾಗದ ನನ್ನ ಹತ್ತಿರ ಇದೆ. "ಈ ಮಗು ನಮ್ಮದು ಎನ್ನುವುದಕ್ಕಿಂತ ನಿಮ್ಮದು." ನಾನು ಕೇಳಿರಲಿಲ್ಲ. ಕೇಳಬೇಕೆಂದು ಯೋಚಿಸಿಯೂ ಇರಲಿಲ್ಲ. ಲಿಸಿಯಾತೆ ಅಷ್ಟು ದೂರ ಇದ್ದಾನೆ, ಅವನ ಮಕ್ಕಳು ಅವನ ಹತ್ತಿರವೇ ಇರಲಿ ಎಂದಿದ್ದೆ. ನೀನು ಬರೆದ ಮೇಲೆ ಆಸೆಪಟ್ಟೆ. ತವಾಕೆಗೆ ಹೇಳಿದೆ.

ದಿನ ಎಣಿಸುವುದು ಬಿಟ್ಟು ಬರೆದು ಮುಗಿಸು.

ಕಲೋಲೈನೆ


ಮಿಲ್ಡುರಾ
೨೧ ಜುಲೈ ೧೯೯೭

ಕಲೋಲೈನೆ ಅಕ್ಕನವರಿಗೆ,

ನಿಮ್ಮ ಕಾಗದ ಇವತ್ತು ಬಂತು. ಇವತ್ತೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನಿಮ್ಮ ಉತ್ತರಕ್ಕೆ ದಿನ ಸಾಲುವುದಿಲ್ಲ.

ಆ ಸಾಲು ನನ್ನದೇ. ಆದರೆ ಅದು ಎಲ್ಲಿಂದ ಬಂತೆಂದು ಹೇಳಬೇಕು. ಗಂಡನ ಅಕ್ಕನಿಗೆ ಕಾಗದ ಹೇಗೆ ಬರೆಯಬೇಕೆಂದು ನನಗೆ ತಿಳಿಯದೆ ಇಲ್ಲಿನ ಚರ್ಚಿನ ಹಿರಿಯಳು ಮನುಸಿಯು ಅಜ್ಜಿಯನ್ನು ಕೇಳಿದೆ. "ಮಗು ನಿಮ್ಮದೇ ಅಂತ ಬರಿ. ಮನೆ ಚಿಕ್ಕದು, ನನಗೆ ಕೈಲಾಗಲ್ಲ ಅಂತ ನಿನ್ನನ್ನ ನೀನೇ ಸಣ್ಣದು ಮಾಡ್ಕೊ. ಅತ್ತಿಗೆ ನಾದಿನಿಗೆ ಹಾಗೇ ಬರೆಯೋದು" ಎಂದಳು. ಅವಳು ಊರು ಬಿಟ್ಟು ನಲವತ್ತು ವರ್ಷವಾಗಿದೆ. ನಾನು ಅವಳು ಹೇಳಿದ್ದನ್ನು ಮರ್ಯಾದೆಯ ಮಾತೆಂದು ಬರೆದೆ. ಮೂರನೆಯ ಮಗುವಿನ ವಿಷಯದಲ್ಲಿ, ಅದೂ ನಿಮಗೆ, ಅದು ಕೊಡುವ ಮಾತಾಗುತ್ತದೆಂದು ನಿಮ್ಮ ಮೊದಲ ಕಾಗದ ಎರಡನೆಯ ಸಲ ಓದಿದಾಗ ತಿಳಿಯಿತು. ಆಗಲೇ ಹೇಳಬೇಕಿತ್ತು. ಹೇಳದೆ ಮಂಚದ ಬಗ್ಗೆ ಬರೆದೆ. ತಪ್ಪು ನನ್ನದು.

ಇನ್ನೊಂದು ವಿಷಯವನ್ನು ಯಾರಿಗೂ ಹೇಳಿಲ್ಲ. ನನ್ನನ್ನೂ ಕೊಟ್ಟಿದ್ದರು. ಒಂದು ವರ್ಷದವಳಾಗಿದ್ದಾಗ ನನ್ನ ಸೋದರತ್ತೆ ಹಪಾಯಿ ದ್ವೀಪದಿಂದ ಸಿಡ್ನಿಗೆ ಕರೆದುಕೊಂಡು ಹೋದಳು. ನನ್ನ ಅಕ್ಕಂದಿರು ವೈಓಲಾ, ವೈಲೇಆ, ವೈಮೋವಾನಾ. ಮೂವರದೂ ನೀರಿನ ಹೆಸರು. ನಾನು ಅಕೊಸಿತಾ, ಅತ್ತೆಯ ಅಮ್ಮನ ಹೆಸರು. ಅತ್ತೆ ನನ್ನನ್ನು ಚೆನ್ನಾಗಿ ನೋಡಿಕೊಂಡಳು. ಓದಿಸಿದಳು. ಅವಳ ಬಗ್ಗೆ ನನಗೆ ದೂರು ಇಲ್ಲ. ಅವಳು ಸತ್ತಾಗ ಅಮ್ಮ ಸತ್ತಳೆಂದೇ ಕಣ್ಣೀರಿಟ್ಟೆ. ಆದರೆ ಹೆತ್ತ ಅಪ್ಪ ತೀರಿಕೊಂಡಾಗ ಚರ್ಚಿನಲ್ಲಿ ಮಕ್ಕಳ ಹೆಸರು ಓದಿದರು. ವೈಓಲಾ, ವೈಲೇಆ, ವೈಮೋವಾನಾ. ಓದುವವನು ಅಲ್ಲಿಗೆ ನಿಲ್ಲಿಸಿದ. ಕಾಗದದಲ್ಲಿ ನಾಲ್ಕನೆಯ ಹೆಸರು ಇತ್ತು. ಅದು ಆ ಸಾಲಿಗೆ ಸೇರಿದ್ದೆಂದು ಅವನಿಗೆ ಅನ್ನಿಸಲಿಲ್ಲ, ಬೇರೆ ಯಾರದೋ ಎಂದುಕೊಂಡ. ನಾನು ಮೂರನೆಯ ಬೆಂಚಿನಲ್ಲಿ ಕೂತಿದ್ದೆ. ಎದ್ದು ಹೇಳಲಿಲ್ಲ.

ಅದಕ್ಕೇ ಹೊಂದುವ ಹೆಸರಿನ ಮಾತು ಎತ್ತಿದ್ದು. ಗ್ಲೆನಿಸಳ ಪುಸ್ತಕದಿಂದಲ್ಲ.

ಸೇಲುವಿನ ವಿಷಯವೂ ಹೇಳಿಬಿಡುತ್ತೇನೆ. ಅವಳು ಭಾನುವಾರ ಚರ್ಚಿಗೆ ಬೇಗ ಹೋಗಿ ಮೂರು ಮಕ್ಕಳಿಗೆ ಜಾಗ ಹಿಡಿಯುತ್ತಾಳಂತೆ, ಇಬ್ಬರನ್ನು ಕೂರಿಸುತ್ತಾಳಂತೆ. ಯಾರಾದರೂ ಕೂರಲು ಬಂದರೆ "ಬರ್ತಾಳೆ, ಬರ್ತಾಳೆ" ಎನ್ನುತ್ತಾಳಂತೆ. ಆರು ವರ್ಷದಿಂದ. ಇದನ್ನು ನಿಮಗೆ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ನಾನು ನಿಮಗೆ ಇಲ್ಲ ಎನ್ನಲಾರೆ. ಅದು ನನ್ನ ಅಧಿಕಾರವಲ್ಲ. ನಿಮ್ಮ ತಮ್ಮ ಎನ್ನಲಾರರು. ಅವರು ಪ್ರತಿ ಸಂಜೆ ಬೈಬಲ್ಲು ತೆಗೆದು, ಎಷ್ಟು ದಿನ ಉಳಿಯಿತು ಎಂದು ಕೇಳಿ, ಮತ್ತೆ ಮುಚ್ಚಿಡುತ್ತಾರೆ. ಪೆನ್ನು ಮುಟ್ಟುವುದಿಲ್ಲ. ಆಗಸ್ಟ್ ಹದಿನೈದರ ಬೆಳಿಗ್ಗೆಯವರೆಗೆ ಕಾಯುತ್ತೇನೆ. ನಿಮ್ಮಿಂದ ಬೇರೆ ಮಾತು ಬರದಿದ್ದರೆ ಕೋಕಿ ಎಂದು ಬರೆಯುತ್ತೇನೆ, ಹಾಲು ಬಿಡಿಸಿದ ಮೇಲೆ ನಾನೇ ಕರೆತಂದು ಬಿಡುತ್ತೇನೆ. ಲುಪೆ ಬರುವುದು ಬೇಡ.

ಅಕೊಸಿತಾ


ಓಹೊನುವಾ
೮ ಆಗಸ್ಟ್ ೧೯೯೭

ಅಕೊಸಿತಾಗೆ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಪಾದ್ರಿಯ ತಂಗಿ ಮಂಗಳವಾರ ವಿಮಾನ ಹತ್ತುತ್ತಾಳೆ, ಅವಳ ಮಗ ನಿಮ್ಮ ಊರಿನ ತೋಟದಲ್ಲೇ ಕೆಲಸಕ್ಕಿದ್ದಾನೆ. ಗುರುವಾರದೊಳಗೆ ನಿನ್ನ ಕೈಗೆ ಕೊಡುತ್ತಾಳೆ. ಕೊಡದಿದ್ದರೆ ಅವಳು ಊರಿಗೆ ವಾಪಸು ಬರದಿರುವುದು ಒಳ್ಳೆಯದು ಎಂದು ಹೇಳಿದ್ದೇನೆ.

ನಿನ್ನ ಕಾಗದ ಬುಧವಾರ ಬಂತು. ಬುಧವಾರ ಕೋಪ ಬಂದಿತ್ತು. ಮನುಸಿಯು ನನ್ನ ಅಮ್ಮನ ಜೊತೆ ಓದಿದವಳು, ಆಗಲೂ ಹೀಗೇ ಅರ್ಧ ಕೇಳಿ ಪೂರ್ತಿ ಹೇಳುತ್ತಿದ್ದಳಂತೆ. ನಿನ್ನೆ ಕೇದಗೆ ಎಲೆ ಸೀಳುತ್ತ ಕೂತಿದ್ದೆ, ಒಂದು ಮಾತೂ ಆಡಲಿಲ್ಲ. ನೇಯುವ ಮನೆಯವರು ನನಗೆ ಹಲ್ಲುನೋವು ಎಂದುಕೊಂಡರು.

ಕೋಕಿ ಎಂಬ ಹೆಸರಿನಲ್ಲಿ ನಾನು ತಪ್ಪಿದೆ. ಆ ಹಕ್ಕಿ ನಮ್ಮ ಕಾಡು ಬಿಟ್ಟರೆ ಬದುಕುವುದಿಲ್ಲ, ನಿಮ್ಮದು ಒಣ ಸೀಮೆ. ಪಾದ್ರಿಗೂ ಹಾಗೆಯೇ ಹೇಳಿದೆ. "ಹೆಸರು ಕೊಟ್ಟು ವಾಪಸು ತಗೊಳ್ಳೋದನ್ನ ಎಲ್ಲೂ ಕೇಳಿಲ್ಲ" ಎಂದರು. "ಈಗ ಕೇಳಿದಿರಲ್ಲ" ಎಂದೆ. ಊರು ಏನು ಅನ್ನುತ್ತದೋ ಅದನ್ನು ನಾನು ನೋಡಿಕೊಳ್ಳುತ್ತೇನೆ.

ಲಂಗಾಕಾಲಿ ಎಂದು ಬರೆ. ನೀನು ಕೇಳಿದ್ದೆ ಎಂದು ಕೊಡುತ್ತಿಲ್ಲ. ಸಿಯಾಲೆ, ಹೇಲಾಲಾ ಆದ ಮೇಲೆ ಹಾರಕ್ಕೆ ಅದೇ ಬರಬೇಕು, ಹಾರ ಕಟ್ಟುವ ಯಾರನ್ನು ಕೇಳಿದರೂ ಹೇಳುತ್ತಾರೆ. ಹೂವು ಸಣ್ಣದು. ಗಿಡ ಎಲ್ಲಿದೆ ಎಂದು ಕಾಣುವುದಕ್ಕೆ ಮೊದಲೇ ವಾಸನೆ ಬರುತ್ತದೆ, ನೀನು ಕೇಳಿದ್ದು ಸರಿ.

ಆ ನರ್ಸ್ ಹೇಳಿದ್ದನ್ನು ಇವತ್ತು ಬೆಳಿಗ್ಗೆ ಮಾಡಿ ನೋಡಿದೆ. ಹಿತ್ತಿಲಲ್ಲಿ ಹಂದಿಗಳಿಗೆ ತೆಂಗಿನಕಾಯಿ ಒಡೆದು ಹಾಕಿ, ಅಲ್ಲೇ ನಿಂತು ಮೂರು ಹೆಸರನ್ನೂ ಕರೆದೆ. ಗಂಟಲಿಗೆ ಗೊತ್ತಾಗುವುದು ನಿಜ.

ತವಾಕೆ ಓಡಿ ಬಂದಳು.

"ಯಾರನ್ನ ಕರೀತಿದ್ದೀ ಅತ್ತೆ? ಅವರ್ಯಾರೂ ಇಲ್ಲಿಲ್ವಲ್ಲ."

"ಇಲ್ಲ" ಎಂದೆ.

"ಕೋಕಿ ಯಾವಾಗ ಬರ್ತಾಳೆ?"

"ಅವಳ ಹೆಸರು ಲಂಗಾಕಾಲಿ ಕಣೇ."

ಅವಳಿಗೆ ಏಳು ವರ್ಷ. ಒಡೆದ ತೆಂಗಿನ ಚಿಪ್ಪನ್ನು ಕಾಲಿನಿಂದ ತಳ್ಳುತ್ತ, "ಹಾಗಾದ್ರೆ ಅವಳು ಅವರದಾ?" ಎಂದಳು. ಹೆಸರಿನ ವ್ಯವಹಾರ ಈ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸೋಮವಾರ ಶಾಲೆಗೆ ಎರಡು ವಾರ ರಜೆ ಹೇಳಿ, ಅವಳನ್ನು ದೋಣಿಯಲ್ಲಿ ನುಕುಅಲೋಫಾಕ್ಕೆ ಕಳಿಸುತ್ತಿದ್ದೇನೆ. ಲುಪೆ ದಡಕ್ಕೆ ಬರುತ್ತಾಳೆ. ಮಾಕಾನ ಮನೆಯಲ್ಲಿ ಇರಲಿ. ಭಾನುವಾರದ ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ. ಸೇಲುವಿಗೆ ನೀನು ಏನೂ ಬರೆಯಬೇಡ. ಅವಳು ಜಾಗ ಹಿಡಿದುಕೊಂಡಿರುತ್ತಾಳೆ, ನೋಡುತ್ತಾಳೆ. ವಾಪಸು ಬರುವುದೋ ಅಲ್ಲೇ ಇರುವುದೋ ಎಂದು ತವಾಕೆಯನ್ನೇ ಕೇಳಲು ಲುಪೆಗೆ ಹೇಳಿದ್ದೇನೆ. ಇದನ್ನೂ ನಮ್ಮಲ್ಲಿ ಯಾರೂ ಮಾಡಿದ್ದು ಕೇಳಿಲ್ಲ.

ಲಿಸಿಯಾತೆ ಪೆನ್ನು ಮುಟ್ಟಲಿಲ್ಲ ಎಂದು ನೀನು ಬರೆದಿದ್ದೆ. ಅವನು ಚಿಕ್ಕಂದಿನಿಂದ ನನಗೆ ಒಂದು ಸಲವೂ ಎದುರಾಡಿಲ್ಲ. ಇದೇ ಮೊದಲು. ನಾನು ಹೀಗೆ ಅಂದೆನೆಂದು ಅವನಿಗೆ ಹೇಳಬೇಡ. ಹೆಸರಿನ ಸಾಲು ಮಾತ್ರ ತೋರಿಸು.

ಚಾಪೆಯನ್ನು ಪಾದ್ರಿಯ ತಂಗಿಯ ಕೈಯಲ್ಲೇ ಕಳಿಸಿದ್ದೇನೆ. ಇಬ್ಬರಿಗೆಂದು ನೇಯ್ದದ್ದು. ಮಂಚಗಳ ಮೇಲೆ ಬೇಡ, ನೆಲಕ್ಕೆ ಹಾಸು. ಉದ್ದುದ್ದ ಮಲಗಿಸಿದರೆ ಇಬ್ಬರೇ ಹಿಡಿಯುತ್ತಾರೆ. ಅಡ್ಡಡ್ಡ ಮಲಗಿಸು, ಮೂವರಿಗೂ ಸಾಕಾಗುತ್ತದೆ. ಅಳೆದು ನೋಡಿಯೇ ಹೇಳುತ್ತಿದ್ದೇನೆ.

ಕಲೋಲೈನೆ